ಮತ್ಸ್ಯಗಂಧಿಯ ವಾಸನೆ ತೆಗೆದವರು

ಮಹಾಭಾರತ ಹೇಳಿದವನ ತಾಯಿ ದೋಣಿ ನಡೆಸುತ್ತಿದ್ದಳು. ಬೆಸ್ತರ ಮನೆಯಲ್ಲಿ ಬೆಳೆದ ಹೆಣ್ಣು, ಹೊಳೆ ದಾಟಿಸುವುದು ಅವಳ ಕಸುಬು. ಮೈಯಿಂದ ಮೀನಿನ ವಾಸನೆ ಬರುತ್ತದೆಂದು ಅವಳಿಗೆ ಮತ್ಸ್ಯಗಂಧಿ ಎಂದೇ ಹೆಸರು ಬಿತ್ತು. ಪರಾಶರ ಮುನಿ ದೋಣಿ ಹತ್ತಿದ, ಅವಳನ್ನು ಬಯಸಿದ, ಮೀನಿನ ವಾಸನೆ ತೆಗೆದು ಪರಿಮಳದ ವರ ಕೊಟ್ಟ. ಅಲ್ಲಿಂದ ಮುಂದೆ ಅವಳು ಯೋಜನಗಂಧಿ, ಸತ್ಯವತಿ, ಹಸ್ತಿನಾವತಿಯ ರಾಣಿ. ಆ ವಾಸನೆ ಅವಳ ದುಡಿಮೆಯದು, ಅವಳ ಅಪ್ಪನ ಬಲೆಯದು, ಅದನ್ನು ತೆಗೆಯುವ ಅಗತ್ಯ ಏನಿತ್ತು ಎಂದು ಒಬ್ಬ ಪಂಡಿತನೂ ಕೇಳಿದ್ದನ್ನು ನಾವು ಕೇಳಿಲ್ಲ. ವಾಸನೆ ಹೋದ ಮೇಲೆಯೇ ಅವಳು ಅರಮನೆಗೆ ಲಾಯಕ್ಕಾದಳು. ಅವಳ ಅಪ್ಪ ದಾಶರಾಜ ಮಗಳ ಮಗನಿಗೇ ಪಟ್ಟ ಆಗಬೇಕೆಂದು ಷರತ್ತು ಹಾಕಿ ಹೆಣ್ಣು ಕೊಟ್ಟನಲ್ಲ, ಆ ಒಂದು ಬುದ್ಧಿವಂತಿಕೆ ನಮ್ಮವರಲ್ಲಿ ಮುಂದೆ ಉಳಿದ ಹಾಗೆ ಕಾಣುವುದಿಲ್ಲ. ನಾವು ಷರತ್ತಿಲ್ಲದೆ ಕೊಟ್ಟೆವು. ಮೀನು ಕೊಟ್ಟೆವು, ದಂಡೆ ಕೊಟ್ಟೆವು, ಕಡೆಗೆ ಹಾಡನ್ನೂ ಕೊಟ್ಟೆವು.

ಈ ಪರಾಶರರು ಈಗಲೂ ನಮ್ಮ ಕೇರಿಗೆ ಬರುತ್ತಾರೆ. ಮೊದಲು ಹೆಗಲಿಗೆ ಟೇಪ್‌ರೆಕಾರ್ಡರು ನೇತುಹಾಕಿಕೊಂಡು ಬಂದರು, ಈಗ ಮೊಬೈಲು ಹಿಡಿದುಕೊಂಡು ಬರುತ್ತಾರೆ. ಜಾನಪದ ಸಂಗ್ರಹ, ಕ್ಷೇತ್ರಕಾರ್ಯ, ಮಹಾಪ್ರಬಂಧ ಇತ್ಯಾದಿ. ಮುದುಕಿಯರನ್ನು ಜಗುಲಿಯ ಮೇಲೆ ಕೂರಿಸಿ 'ಹಾಡಮ್ಮ' ಎನ್ನುತ್ತಾರೆ. ಆಕೆ ಹಾಡುತ್ತಾಳೆ. ಪುಸ್ತಕ ಬರುತ್ತದೆ. ಮುಖಪುಟದ ಮೇಲೆ ಸಂಗ್ರಾಹಕರ ಹೆಸರು, ಹೆಸರಿನ ಮುಂದೆ ಡಾಕ್ಟರು. ಹಾಡಿದವಳ ಹೆಸರು ಕಟ್ಟಕಡೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. ಇದ್ದರೆ ಅದರ ಪಕ್ಕ ವಯಸ್ಸು, ಜಾತಿ, ಆಮೇಲೆ 'ಅನಕ್ಷರಸ್ಥೆ' ಎಂಬ ಬಿರುದು. ನಲವತ್ತು ಸಾಲಿನ ಕತೆಹಾಡನ್ನು ಒಂದು ಪದ ತಪ್ಪದೆ ನೆನಪಿನಲ್ಲಿಟ್ಟುಕೊಂಡವಳು ಅನಕ್ಷರಸ್ಥೆ, ಅದನ್ನು ನೋಡಿ ಬರೆದುಕೊಂಡವರು ವಿದ್ವಾಂಸರು. ನಾವು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ವರ್ಷಗಟ್ಟಲೆ ಹಳ್ಳಿ ಸುತ್ತಿ, ಸ್ವಂತ ದುಡ್ಡು ಹಾಕಿ ಹಾಡು ಉಳಿಸಿದವರು ಈ ಜಿಲ್ಲೆಯಲ್ಲೇ ಇದ್ದರು, ಅವರ ಮೇಲೆ ನಮಗೆ ಗೌರವವಿದೆ. ನಮ್ಮ ಜಗಳ ಆ ಪದ್ಧತಿಯ ಜೊತೆಗೆ. ಹಾಡನ್ನು ಅಚ್ಚಿಗೆ ಕಳಿಸುವ ಮೊದಲು ಅದರ ಮೀನಿನ ವಾಸನೆ ತೆಗೆಯುವ ಪದ್ಧತಿ ಅದು. ಬೈಗುಳ ಇದ್ದರೆ ಚುಕ್ಕಿ ಹಾಕುತ್ತಾರೆ. ಸಾಲ ಕೊಟ್ಟು ದೋಣಿ ಎಳಕೊಂಡು ಹೋದ ಸಾಹುಕಾರನ ಮನೆತನದ ಹೆಸರು ಹಾಡಿನಲ್ಲಿ ಬಂದರೆ 'ಪಾಠಾಂತರ' ಎಂದು ಕೈಬಿಡುತ್ತಾರೆ. ಉಳಿದದ್ದಕ್ಕೆ ಮುನ್ನುಡಿಯಲ್ಲಿ 'ಜನಪದರ ಮುಗ್ಧ ಮನಸ್ಸಿನ ಅಭಿವ್ಯಕ್ತಿ' ಎಂದು ಬರೆಯುತ್ತಾರೆ. ಮುಗ್ಧರಂತೆ! ಕತ್ತಲೆ ರಾತ್ರಿಯಲ್ಲಿ ದಂಡೆ ಕಾಣದ ಕಡೆಯಿಂದ ದೋಣಿಯನ್ನು ಮನೆಗೆ ತರುವವನು ಮುಗ್ಧನಾಗಿದ್ದರೆ ಅವನ ಹೆಂಡತಿ ಎಂದೋ ಬಳೆ ಒಡೆಯಬೇಕಾಗಿತ್ತು.

ನಾವು ಹೇಳುತ್ತಿರುವುದು ಶರಾವತಿಯ ಅಳಿವೆಯಿಂದ ಕಾಳಿಯ ಅಳಿವೆಯವರೆಗಿನ ದಂಡೆಯ ಮಾತು. ಹೊನ್ನಾವರ, ಕುಮಟೆ, ಅಂಕೋಲೆ, ಕಾರವಾರ. ನಡುವೆ ಅಘನಾಶಿನಿ, ಗಂಗಾವಳಿ. ಇಲ್ಲಿ ಅಂಬಿಗರು, ಹರಿಕಂತ್ರರು, ಖಾರ್ವಿಗಳು, ಗಾಬಿತರು ಇದ್ದಾರೆ. ಖಾರ್ವಿಗಳಲ್ಲಿ ಕ್ರಿಶ್ಚಿಯನ್ನರಿದ್ದಾರೆ, ದಾಲ್ದಿಗಳೆಂಬ ಮುಸ್ಲಿಂ ಮೀನುಗಾರರಿದ್ದಾರೆ. ಮನೆಮಾತು ಒಬ್ಬರದು ಕನ್ನಡ, ಇನ್ನೊಬ್ಬರದು ಕೊಂಕಣಿ. ಆದರೆ ಗಾಳಿಗೆ, ನೀರಿಗೆ, ಬಲೆಗೆ ಬಳಸುವ ಮಾತು ಎಲ್ಲರಲ್ಲೂ ಬೆರೆತು ಹೋಗಿದೆ. ಬಂಗಡೆ, ತಾರ್ಲೆ, ಇಸವಾಣ, ನೊಗ್ಲಿ, ಶೆಟ್ಲಿ ಎಂದರೆ ಯಾವ ಕೇರಿಯಲ್ಲಾದರೂ ತಿಳಿಯುತ್ತದೆ. ಯಾವ ಅಕಾಡೆಮಿಯ ನೆರವೂ ಇಲ್ಲದೆ ಆದ ಭಾಷಾಬಾಂಧವ್ಯ ಇದು.

ಈಗ ಹಾಡಿನ ಮಾತಿಗೆ ಬರೋಣ. ರಂಪಣಿ ಬಲೆ ನೋಡಿದವರು ಈಗ ಕಡಿಮೆ. ಅದು ಒಬ್ಬನ ಬಲೆಯಲ್ಲ. ಒಬ್ಬೊಬ್ಬನ ಮನೆಯಿಂದ ಒಂದೊಂದು ತುಂಡು ಬರಬೇಕು, ತುಂಡುಗಳನ್ನೆಲ್ಲ ಸೇರಿಸಿ ಹೊಲಿದರೆ ದಂಡೆಯುದ್ದಕ್ಕೂ ಹಾಸುವಷ್ಟು ದೊಡ್ಡ ಬಲೆ. ಮಳೆಗಾಲ ಕಳೆದು ಬಂಗಡೆಯ ಹಿಂಡು ದಂಡೆಯ ಹತ್ತಿರ ಬಂತೆಂದರೆ ಅದನ್ನು ಗುರುತಿಸುವವನೊಬ್ಬ ಕೂಗು ಹಾಕುತ್ತಿದ್ದ. ಹಿಂಡು ಇದ್ದ ಕಡೆ ನೀರಿನ ಬಣ್ಣ ಬೇರೆ, ಮೇಲಿನ ನೆರಿಗೆ ಬೇರೆ, ಹಕ್ಕಿಗಳು ಎರಗುವ ರೀತಿ ಬೇರೆ. ದೋಣಿ ಅರ್ಧಚಂದ್ರದ ಹಾಗೆ ಸುತ್ತಿ ಬಲೆ ಬಿಟ್ಟು ಬರುತ್ತಿತ್ತು. ಬಲೆಯ ಎರಡು ತುದಿಯ ಹಗ್ಗ ದಂಡೆಯ ಮೇಲೆ, ಎರಡು ಸಾಲಿನಲ್ಲಿ ನೂರರ ಹತ್ತಿರ ಮಂದಿ. ಆಗ ಹಾಡು ಬೇಕು. ಖುಷಿಗಲ್ಲ, ಗೆಳೆಯರೆ. ತೆರೆ ದಂಡೆಗೆ ನುಗ್ಗುವಾಗ ಬಲೆಯೂ ಈಚೆಗೆ ಬರುತ್ತದೆ, ಎಳೆಯಬೇಕಾದದ್ದು ಆಗ. ತೆರೆ ಹಿಂದೆ ಸರಿಯುವಾಗ ಬಲೆಯನ್ನು ಆಚೆಗೆ ಜಗ್ಗುತ್ತದೆ, ಆಗ ಎಳೆದರೆ ಹಗ್ಗ ಕಿತ್ತೀತು, ಅಂಗೈ ಸುಲಿದೀತು. ಆಗ ಹಿಮ್ಮಡಿ ಮರಳಿಗೆ ಊರಿ ತಡೆದು ನಿಲ್ಲಬೇಕು. ನೂರು ಮಂದಿಗೆ ಒಂದೇ ಗಳಿಗೆಯಲ್ಲಿ ಇದು ತಿಳಿಯುವುದು ಹೇಗೆ? ಒಬ್ಬ ಒಂದು ಸೊಲ್ಲು ಎತ್ತುತ್ತಾನೆ, ಉಳಿದವರು ತಿರುಗಿ ಹೇಳುತ್ತಾರೆ. ಅವನು ಸೊಲ್ಲನ್ನು ತೆರೆ ನೋಡಿ ಎತ್ತುತ್ತಾನೆ. ತೆರೆ ತಡವಾದರೆ ಸೊಲ್ಲು ಉದ್ದವಾಗುತ್ತದೆ, ತೆರೆ ಬೇಗ ಬಂದರೆ ಅಲ್ಲೇ ತುಂಡಾಗುತ್ತದೆ. ಆ ಹಾಡಿನ ಛಂದಸ್ಸು ಕಡಲಿನದು. ಪಂಡಿತರು ಅದನ್ನು ಕಾಗದದ ಮೇಲೆ ಬರೆದುಕೊಂಡು ಮಾತ್ರೆ ಎಣಿಸಿ 'ಲಯ ಶಿಥಿಲವಾಗಿದೆ' ಎನ್ನುತ್ತಾರೆ. ನಿಮ್ಮ ಕೈಯಲ್ಲಿ ಹಗ್ಗ ಇರಲಿಲ್ಲ ಸ್ವಾಮಿ, ಅದಕ್ಕೆ ನಿಮಗೆ ಹಾಗೆ ಕಂಡಿತು.

ಹಾಡಿದ ಮೇಲೆ ಪಾಲು. ಬಲೆಯ ತುಂಡಿಗೆ ಪಾಲು, ದೋಣಿಗೆ ಪಾಲು, ದೇವರಿಗೆ ಪಾಲು, ಹಗ್ಗಕ್ಕೆ ಕೈ ಕೊಟ್ಟವನಿಗೆ ಪಾಲು. ಬಲೆ ಇಲ್ಲದವನೂ ಬಂದು ಹಗ್ಗ ಹಿಡಿದರೆ ಸಾರಿಗಾಗುವಷ್ಟು ಮೀನು ಸಿಗುತ್ತಿತ್ತು. ಗಂಡ ಸತ್ತವಳು, ಮುದುಕ, ಶಾಲೆ ತಪ್ಪಿಸಿ ಓಡಿ ಬಂದ ಹುಡುಗ, ಯಾರೂ ಬರಿಗೈಲಿ ಹೋಗುತ್ತಿರಲಿಲ್ಲ. ಅದೇನು ರಾಮರಾಜ್ಯವಾಗಿತ್ತೆಂದು ನಾವು ಹೇಳುವುದಿಲ್ಲ. ಜಗಳ ಇತ್ತು, ತಂಟೆ ಇತ್ತು, ದೊಡ್ಡ ಮನೆಯವರ ಪಾಲು ಯಾವಾಗಲೂ ದೊಡ್ಡದೇ ಇತ್ತು. ಆದರೆ ಹಗ್ಗ ಎಳೆಯಲು ನೂರು ಕೈ ಬೇಕಾಗಿದ್ದುದರಿಂದ ನೂರು ಹೊಟ್ಟೆಯ ಲೆಕ್ಕ ಇಡಲೇಬೇಕಾಗಿತ್ತು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಇಂಜಿನ್ನಿನ ದೊಡ್ಡ ದೋಣಿ ಹಿಂಡು ದಂಡೆಗೆ ಬರುವ ಮೊದಲೇ ಆಚೆಯೇ ಸುತ್ತುವರಿದು ಚೀಲದ ಬಾಯಿ ಬಿಗಿದ ಹಾಗೆ ಬಿಗಿದು ಎತ್ತಿಬಿಡುತ್ತದೆ. ಸರಕಾರ ಪ್ರೋತ್ಸಾಹ ಕೊಟ್ಟಿತು, ಬ್ಯಾಂಕು ಸಾಲ ಕೊಟ್ಟಿತು. ಕೊಟ್ಟಿದ್ದು ಯಾರಿಗೆ? ಅಡವು ಇಡಲು ಆಸ್ತಿ ಇದ್ದವರಿಗೆ. ನಮ್ಮವರಲ್ಲೇ ಕೆಲವರು ಮಾಲೀಕರಾದರು, ಕಡಲನ್ನೇ ಕಾಣದ ಮಂದಿಯೂ ದೋಣಿ ಇಟ್ಟರು. ಉಳಿದವರು ಆ ದೋಣಿಗಳಲ್ಲಿ ಕೂಲಿಗೆ ಹೋದರು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ, ಬಲೆ ಹರಿದು ಚಿಂದಿಯಾದ ಮೇಲೆ. ಹಾಡು ನಿಂತು ಹೋದದ್ದು ಆಗ. ಆಮೇಲೆ ವಿಚಾರಸಂಕಿರಣಗಳಲ್ಲಿ 'ಆಧುನಿಕತೆಯ ಹೊಡೆತಕ್ಕೆ ಜನಪದ ಗೀತೆಗಳು ಕಣ್ಮರೆಯಾಗುತ್ತಿವೆ' ಎಂದು ಕಣ್ಣೀರು ಹಾಕತೊಡಗಿದರು. ಆಧುನಿಕತೆ ಎಂದರೆ ಯಾರು? ಅದಕ್ಕೆ ಮನೆ ಇಲ್ಲವೆ, ಹೆಸರಿಲ್ಲವೆ, ಬ್ಯಾಂಕಿನ ಖಾತೆ ಇಲ್ಲವೆ? ಸತ್ತದ್ದು ಹಗ್ಗ ಎಳೆಯುವ ಹಕ್ಕು. ಹಾಡು ಅದರ ಹಿಂದೆ ಹೋಯಿತು. ಹಗ್ಗದ ಮಾತೆತ್ತದೆ ಹಾಡಿಗೆ ಅಳುವವರ ಕಣ್ಣೀರಿನಲ್ಲಿ ಉಪ್ಪಿಲ್ಲ.

ಇನ್ನು ವಿದ್ಯೆ. ನಾವು ಡಿಗ್ರಿ ಮಾಡಿದವರು. ನಮ್ಮ ಮನೆಗಳಲ್ಲಿ ಡಿಗ್ರಿ ಮಾಡಿದವರಲ್ಲಿ ನಾವೇ ಮೊದಲಿಗರು. ಈ ತಾಲೂಕುಗಳಲ್ಲಿ ಹೈಸ್ಕೂಲು ಕಟ್ಟಿಸಲು ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಶುರು ಮಾಡದೆ ಹೋಗಿದ್ದರೆ ಈ ದಂಡೆಯ ಎಷ್ಟೋ ಮಕ್ಕಳು ಏಳನೇ ಇಯತ್ತೆಗೇ ದೋಣಿ ಹತ್ತಬೇಕಾಗಿತ್ತು, ಅದನ್ನು ನಾವು ಮರೆತಿಲ್ಲ. ಆದರೆ ಆ ಶಾಲೆಗಳಲ್ಲಿ ಹದಿನೈದು ವರ್ಷ ಕೂತ ನಮಗೆ ಕಡಲ ಬಗ್ಗೆ ಕಲಿಸಿದ್ದು ಏನು? ಭೂಮಿಯ ಮುಕ್ಕಾಲು ಪಾಲು ನೀರು, ಚಂದ್ರನ ಆಕರ್ಷಣೆಯಿಂದ ಭರತ ಇಳಿತ, ಅಷ್ಟೆ. ಪರೀಕ್ಷೆಗೆ ಎರಡು ಮಾರ್ಕು. ನಮ್ಮ ಅವ್ವಂದಿರು ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಇಳಿತ ಮುಂದಕ್ಕೆ ಹೋಗುತ್ತದೆಂದು ಲೆಕ್ಕ ಇಟ್ಟುಕೊಂಡು ಅಘನಾಶಿನಿಯ ಕೆಸರಿಗೆ ಇಳಿದು ಬಳಚು, ಚಿಪ್ಪಿಕಲ್ಲು ಆರಿಸಿ ನಮ್ಮ ಪುಸ್ತಕಕ್ಕೆ ದುಡ್ಡು ತಂದರು. ಅಮಾಸೆ, ಹುಣ್ಣಿಮೆಗೆ ನೀರು ಎಲ್ಲಿಯವರೆಗೆ ಇಳಿಯುತ್ತದೆ, ಅಷ್ಟಮಿಗೆ ಯಾಕೆ ಹೋಗಿ ಪ್ರಯೋಜನವಿಲ್ಲ, ಎಲ್ಲವೂ ಅವರ ಕಾಲಿಗೆ ಗೊತ್ತು. ಕ್ಯಾಲೆಂಡರು ನೋಡಲು ಬರುವುದಿಲ್ಲ. ಅವರಿಗೆ ಯಾರೂ ಮಾರ್ಕು ಕೊಡಲಿಲ್ಲ.

ತಾರ್ಲೆಯ ಹಿಂಡನ್ನು ಕತ್ತಲೆಯಲ್ಲಿ ಗುರುತಿಸುವುದು ಹೇಗೆ ಗೊತ್ತೆ? ಕಡಲ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಅಲುಗಾಡಿದರೆ ಬೆಳಗುತ್ತವೆ. ಮೀನಿನ ಹಿಂಡು ಓಡುವಾಗ ನೀರಿನೊಳಗೆ ತಣ್ಣನೆ ಬೆಳಕು ಹರಿದ ಹಾಗೆ ಕಾಣುತ್ತದೆ. ಬೆಳದಿಂಗಳಲ್ಲಿ ಕಾಣದು, ಅದಕ್ಕೆ ಕತ್ತಲೆ ಪಕ್ಷ ಬೇಕು. ದೋಣಿಯ ಮೂತಿಯಲ್ಲಿ ನಿಂತವನು ಬೆಳಕಿನ ಆಕಾರ, ಓಟ ನೋಡಿ ಎಂಥ ಮೀನು, ಎಷ್ಟು ಎಂದು ಹೇಳಬೇಕು. ವಿಜ್ಞಾನಿಗಳು ಇದಕ್ಕೊಂದು ಉದ್ದನೆಯ ಹೆಸರಿಟ್ಟಿದ್ದಾರೆ, ಇರಲಿ. ನಮ್ಮ ಪ್ರಶ್ನೆ ಇಷ್ಟೆ: ಅವನು ನೋಡಿ ಹೇಳಿದ್ದು ಅನುಭವ, ಇವರು ಯಂತ್ರ ಇಟ್ಟು ಹೇಳಿದ್ದು ಜ್ಞಾನ ಆಗುವುದು ಯಾವ ಗಳಿಗೆಯಲ್ಲಿ?

ಗಜನಿಯ ಗದ್ದೆಗೆ ಬನ್ನಿ. ಉಪ್ಪುನೀರಿನ ಅಂಚಿನಲ್ಲಿ ಒಡ್ಡು ಹಾಕಿ, ತೂಬಿಗೆ ಬಾಗಿಲು ಇಟ್ಟು, ಮಳೆನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಕೊಳೆಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ತೂಬು ತೆಗೆದರೆ ಭರತದ ನೀರಿನ ಜೊತೆ ಶೆಟ್ಲಿ, ಮೀನು ಒಳಗೆ. ಕೂಳೆಯ ನಡುವೆ ಅವು ಬೆಳೆಯುತ್ತವೆ, ಅವು ಬಿಟ್ಟದ್ದು ಮುಂದಿನ ಬೆಳೆಗೆ ಗೊಬ್ಬರ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ. 1990ರ ದಶಕದಲ್ಲಿ ಶೆಟ್ಲಿ ಕೃಷಿಯ ಹುಚ್ಚು ಬಂತು, ಗಜನಿಗಳು ಗುತ್ತಿಗೆಗೆ ಹೋದವು, ಬಾಗಿಲು ವರ್ಷವಿಡೀ ಉಪ್ಪುನೀರಿಗೆ ತೆರೆದೇ ಇತ್ತು, ರೋಗ ಬಂದು ಶೆಟ್ಲಿ ಸತ್ತಿತು. ಗುತ್ತಿಗೆಯವನು ಲಾಭ ಇದ್ದಷ್ಟು ದಿನ ಇದ್ದ, ಆಮೇಲೆ ಹೋದ. ಕರಾವಳಿಯ ಶೆಟ್ಲಿ ಕೊಳಗಳ ವಿರುದ್ಧ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಕಗ್ಗದ ಬೀಜ ಮಾತ್ರ ಎಷ್ಟೋ ಮನೆಗಳಲ್ಲಿ ಅಷ್ಟರೊಳಗೆ ಮುಗಿದಿತ್ತು. ಬೀಜ ಮುಗಿದರೆ ಅದನ್ನು ಕಾಯುವ ಕ್ರಮ, ತೂಬಿನ ಬಾಗಿಲು ಯಾವ ನಕ್ಷತ್ರಕ್ಕೆ ತೆಗೆಯಬೇಕೆಂಬ ಗಾದೆ, ನೆಟ್ಟಿಯ ಹಾಡು, ಎಲ್ಲವೂ ಅದರ ಜೊತೆಗೇ ಗಂಟು ಕಟ್ಟಿ ಹೊರಡುತ್ತವೆ. ಮ್ಯೂಸಿಯಮ್ಮಿನಲ್ಲಿ ನೆಟ್ಟಿ ಹಾಡಿನ ಧ್ವನಿಮುದ್ರಿಕೆ ಇರುತ್ತದೆ, ನೆಡುವ ಗದ್ದೆ ಇರುವುದಿಲ್ಲ.

ಹೈದರಾಬಾದಿನಲ್ಲಿ 1999ರಲ್ಲಿ ಶುರುವಾದ ಒಂದು ಸರಕಾರಿ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ಬಿಸಿ, ನೀರಿನ ಹಸಿರು ಅಳೆದು ಎಲ್ಲಿ ಮೀನು ಸಿಗಬಹುದೆಂದು ಹೇಳುತ್ತದೆ. ಒಳ್ಳೆಯದೇ. ಬಿರುಗಾಳಿಯ ಮುನ್ಸೂಚನೆಯಿಂದ ಎಷ್ಟೋ ಜೀವ ಉಳಿದಿವೆ, ಅದನ್ನು ಅಲ್ಲಗಳೆಯುವ ಮೂರ್ಖತನ ನಮಗಿಲ್ಲ. ಅಜ್ಜನ ಮಾತೇ ವೇದ, ಉಪಗ್ರಹ ಸುಳ್ಳು ಎಂದು ಕುಣಿಯುವವರ ಗುಂಪಿನಲ್ಲಿ ನಾವಿಲ್ಲ. ಅದು ಪುರೋಹಿತಶಾಹಿಯ ಇನ್ನೊಂದು ಮುಖ. ಆದರೆ ಇಷ್ಟು ನೋಡಿ. ಉಪಗ್ರಹ ಎಲ್ಲಿ ಹಿಡಿಯಬೇಕೆಂದು ಹೇಳುತ್ತದೆ. ನಮ್ಮ ಹಳಬರ ವಿದ್ಯೆ ಯಾವಾಗ ಹಿಡಿಯಬಾರದೆಂಬುದನ್ನೂ ಹೇಳುತ್ತಿತ್ತು. ಮಳೆ ಹಿಡಿಯಿತೆಂದರೆ ದೋಣಿ ಮೇಲೆ, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆಯೇ ದೋಣಿ ಕೆಳಗೆ. ಮೊಟ್ಟೆ ಇಡುವ ಕಾಲ ಅದು ಎಂದು ಪುಸ್ತಕ ಓದದೆಯೇ ತಿಳಿದಿತ್ತು, ತೆರೆಯ ಭಯವೂ ಇತ್ತು. ಈಗ ಸರಕಾರದ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಕಾಗದದ ಮೇಲೆ ಚೆನ್ನಾಗಿದೆ. ಉಳಿದ ದಿನಗಳಲ್ಲಿ ರಾತ್ರಿಯಿಡೀ ಎಲ್‌ಇಡಿ ದೀಪ ಉರಿಸಿ ಮರಿಮಕ್ಕಳ ಸಮೇತ ಮೀನು ಬಳಿದುಕೊಂಡು ಹೋಗುತ್ತಾರೆ. ಬೆಳಕು ಮೀನುಗಾರಿಕೆಯನ್ನೂ, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದೆ. ಆಮೇಲೂ ದಂಡೆಯಲ್ಲಿ ನಿಂತರೆ ಕಡಲಿನ ಮೇಲೆ ಪೇಟೆ ಎದ್ದ ಹಾಗೆ ದೀಪ ಕಂಡಿದ್ದೇವೆ. ಕತ್ತಲೆಯಲ್ಲಿ ನೀರಿನ ಬೆಳಕು ನೋಡಿ ಮೀನು ಗುರುತಿಸುವವನು ಆ ದೀಪದ ಮುಂದೆ ಕುರುಡ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಸವನ್ನೂ ಹೊರಗೆ ಹಾಕಬೇಕು. ಮತ್ಸ್ಯಗಂಧಿ ದೋಣಿ ನಡೆಸಿದಳು, ನಮ್ಮ ಕೇರಿಯಲ್ಲಿ ಹೆಂಗಸು ಕಡಲ ದೋಣಿಗೆ ಕಾಲಿಟ್ಟರೆ ಅಪಶಕುನ. ಮುಟ್ಟಾದವಳು ಬಲೆ ದಾಟಬಾರದು. ಗಂಡ ಹಿಡಿದ ಮೀನನ್ನು ತಲೆಯ ಮೇಲೆ ಹೊತ್ತು ಘಟ್ಟದ ಬುಡದವರೆಗೆ ಮಾರಿ ಬರುವವಳು ಅವಳು, ಲೆಕ್ಕ ಇಡುವವಳು ಅವಳು, ಹಾಡು ಕತೆ ಕಾಪಾಡಿದವಳು ಅವಳು, ಆದರೆ ಊರಿನ ಕೂಟದಲ್ಲಿ ಮಾತಾಡುವವನು ಗಂಡಸು. ಬಸ್ಸಿನಲ್ಲಿ ಅವಳ ಬುಟ್ಟಿ ಕಂಡರೆ ಮೂಗು ಮುಚ್ಚಿ 'ಹಿಂದೆ ಹೋಗು' ಎನ್ನುವವರಲ್ಲಿ ಸಂಜೆ ಅದೇ ಮೀನು ಉಣ್ಣುವವರೂ ಇದ್ದಾರೆ. ನಮ್ಮವರಲ್ಲಿ ಕೆಲವರು 'ನಾವು ದಲಿತರಲ್ಲ, ನಾವು ಗಂಗೆಯ ಮಕ್ಕಳು, ವ್ಯಾಸರ ಕುಲ' ಎಂದು ಜಂಭ ಕೊಚ್ಚುತ್ತಾರೆ. ಸರಕಾರದ ಪಟ್ಟಿಯಲ್ಲಿ ಪ್ರವರ್ಗ 1, ಬಸ್ಸಿನಲ್ಲಿ ಹಿಂದಿನ ಸೀಟು, ಜಂಭಕ್ಕೆ ಮಾತ್ರ ವ್ಯಾಸರು! ನಮ್ಮ ಕೇರಿಯ ಆಚೆ ಇನ್ನೊಂದು ಕೇರಿ ಇದೆ, ಅವರ ಕೈಗೆ ಮೀನನ್ನು ಎತ್ತರದಿಂದ ಹಾಕಿದ ಕಾಲವೂ ಇತ್ತು. ನಮ್ಮ ಹಾಡುಗಳಲ್ಲಿ ಅದೂ ಇದೆ, ಅದನ್ನು ಹಾಡುವಾಗ ನಗುವುದೂ ಇದೆ. ಆ ಸೊಲ್ಲುಗಳನ್ನು ಅಚ್ಚು ಹಾಕುವಾಗ ಅಲ್ಲಿಯೂ ಚುಕ್ಕಿ ಬೇಡ. ಇದ್ದದ್ದು ಇದ್ದ ಹಾಗೆ ಬರಲಿ, ಕೆಳಗೆ ಇದು ತಪ್ಪೆಂದು ನಾವೇ ಬರೆಯುತ್ತೇವೆ.

ಪ್ರಶಸ್ತಿಯ ಮಾತು ಒಂದಿದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರು ಹಾಲಕ್ಕಿಯವರು, ಮೀನುಗಾರರಲ್ಲ, ಆದರೆ ನಮ್ಮ ನೆರೆಯವರು. ನೂರಾರು ಹಾಡುಗಳ ಕಣಜ ಎಂದು ಪತ್ರಿಕೆಗಳು ಬರೆದವು. ಸಾರಾಯಿಯ ವಿರುದ್ಧ ಅವರು ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ್ದನ್ನು ಬರೆಯುವಾಗ ಶಾಯಿ ಕಡಿಮೆಯಾಯಿತು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಅವರು ಕೇಳುತ್ತಲೇ ಇದ್ದರು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಆಗಲಿಲ್ಲ. ಹಾಡಿಗೆ ಪದಕ, ಹಾಡಿದವಳು ಕೇಳಿದ್ದಕ್ಕೆ ಫೈಲು. ಪದಕ ಕೊರಳಿಗೆ ಹಾಕುವಾಗ ಬಾಯಿಗೂ ಸ್ವಲ್ಪ ಬಿಗಿಯುತ್ತಾರೇನೋ ಎಂಬ ಗುಮಾನಿ ನಮಗಿದೆ. ಅವರ ಬಾಯಿಗೆ ಅದು ಬಿಗಿಯಲಿಲ್ಲ, ಅದು ಅವರ ದೊಡ್ಡಸ್ತಿಕೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗೌರವ ಅಗೌರವದ ಮಾತು ಎಂದು ಯಾರಿಗಾದರೂ ಅನಿಸಿದ್ದರೆ, ಈಗ ನೆಲದ ಮಾತಿಗೆ ಬರುತ್ತೇವೆ. ನಮ್ಮ ಹಾಡು, ಕತೆಗಳಲ್ಲಿ ಹೆಸರುಗಳಿವೆ. ಈ ಬಂಡೆ, ಆ ಕೊಡ್ಲು, ಈ ಮರಳದಿಣ್ಣೆ, ದೋಣಿ ಮೇಲೆ ಹಾಕುವ ಈ ಜಾಗ, ಬಲೆ ಒಣಗಿಸುವ ಆ ಜಾಗ, ಮೀನು ಒಣಗಿಸುವ ಬಯಲು. ಪ್ರತಿ ನೂರು ಮಾರಿಗೆ ಒಂದು ಹೆಸರು. ಅಳಿವೆಯ ಬಾಯಿಯಲ್ಲಿ ಕೂತು ಮೊದಲ ಪಾಲು ಕೇಳುವ ದೆವ್ವದ ಕತೆಯನ್ನು ಮಕ್ಕಳಿಗೆ ಹೇಳುತ್ತಾರೆ. ದೆವ್ವ ಪ್ರತಿ ಮಳೆಗಾಲ ಜಾಗ ಬದಲಿಸುತ್ತದಂತೆ. ಬದಲಿಸುವುದು ಮರಳದಿಣ್ಣೆ, ಮಳೆ ಕಳೆದ ಮೇಲೆ ಮೊದಲ ಸಲ ಅಳಿವೆ ದಾಟುವವನು ದಾರಿ ಹೊಸದಾಗಿ ಹುಡುಕಬೇಕು, ಇಲ್ಲವಾದರೆ ದೋಣಿ ಮಗಚುತ್ತದೆ. ಈ ಕತೆಗಳು ನಮ್ಮ ಪಹಣಿ. ಸರಕಾರದ ಪಹಣಿಯಲ್ಲಿ ಅದೇ ದಂಡೆ ಖರಾಬು, ಖಾಲಿ ಜಾಗ, ಸರಕಾರಿ ನೆಲ. ಖಾಲಿ ಎಂದು ಬರೆದ ಮೇಲೆ ಕೊಡುವುದು ಸುಲಭ.

ಕೊಟ್ಟದ್ದನ್ನು ನೋಡಿ. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಶುರುವಾಯಿತು. ಸಾವಿರಾರು ಕುಟುಂಬಗಳು ಎದ್ದು ಹೋದವು, ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆದವು. ದೇಶರಕ್ಷಣೆ ಬೇಡವೆಂದು ಯಾರೂ ಹೇಳಲಿಲ್ಲ. ಆದರೆ ಮನೆಗೆ ಪರಿಹಾರ ಕೊಟ್ಟರು, ತೆಂಗಿನ ಮರಕ್ಕೆ ಕೊಟ್ಟರು. ಕಡಲಿಗೆ ಎಷ್ಟು ಕೊಟ್ಟರು? ಎಲ್ಲಿ ಬಂಡೆ, ಎಲ್ಲಿ ಕೆಸರು, ಎಲ್ಲಿ ಯಾವ ತಿಂಗಳು ಯಾವ ಮೀನು ಎಂದು ತಲೆತಲಾಂತರದಿಂದ ಕಲಿತದ್ದು ಹೊಸ ಜಾಗದಲ್ಲಿ ಮೂರು ಕಾಸಿಗೂ ಬಾರದು. ಆ ಕಾಲಂ ಫಾರ್ಮಿನಲ್ಲೇ ಇರಲಿಲ್ಲ. 2000ದ ದಶಕದಲ್ಲಿ ತದಡಿಗೆ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ತರುತ್ತೇವೆಂದರು. ಜನ ಎದ್ದರು, ಅದು ಹಿಂದೆ ಸರಿಯಿತು. ಅದೇ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೆ ಬೇಕಾದ ಜಾಗವಾಯಿತು. ಬಳಚು ಆರಿಸುವ ಹೆಂಗಸರಿಗೆ ಅದು ಬೇಕಾದ ಜಾಗ ಎಂದು ಮೊದಲೇ ಗೊತ್ತಿತ್ತು. 2020ರ ಜನವರಿಯಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆ ಟಾಗೋರ್ ಕಡಲತೀರವನ್ನು ನುಂಗುತ್ತದೆಂದು ಮೀನುಗಾರರು ಬೀದಿಗಿಳಿದರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ರಸ್ತೆ ಮೀನು ಒಣಗಿಸುವ ದಂಡೆಯ ಮೇಲೆ ಬಂದಾಗ ಹೆಂಗಸರು ಅಡ್ಡ ನಿಂತರು, ಕೇಸು ಬಿದ್ದವು. ಕಡಲಾಮೆ ಮೊಟ್ಟೆ ಇಡುವ ಮರಳು ಅದು, ಆ ಮಾತನ್ನು ಹೇಳಿದಾಗಲೂ ಅವರನ್ನು ಪುರಾವೆ ಕೇಳಿದರು. 2025ರಲ್ಲಿ ಅಂಕೋಲೆಯ ಕೇಣಿ. ಸಾಲು ಬೆಳೆಯುತ್ತಿದೆ.

2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಒಂದು ಮಾತು ಇತ್ತು: ಮೀನುಗಾರರ ಹಳ್ಳಿ, ಅವರ ಸಾಮೂಹಿಕ ಜಾಗ, ಮೀನು ಒಣಗಿಸುವ ಕಟ್ಟೆ ಇವೆಲ್ಲ ನಕ್ಷೆಯಲ್ಲಿ ಕಾಣಬೇಕು ಎಂದು. ಎಷ್ಟು ಊರಿನಲ್ಲಿ ನಕ್ಷೆ ಬರೆಯಲು ಬಂದವರು ಮುದುಕರನ್ನು ಕರೆದು ಹೆಸರು ಕೇಳಿದರು? 2019ರ ಅಧಿಸೂಚನೆ ಜನ ಒತ್ತೊತ್ತಾಗಿರುವ ಹಳ್ಳಿಗಳಲ್ಲಿ ಕಟ್ಟಡ ಕೂಡದೆಂಬ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಅದು ನಮ್ಮ ಗುಡಿಸಲಿಗೆ ಅನುಕೂಲ ಎಂದರು. ಗುಡಿಸಲಿಗೆ ಅನುಕೂಲವಾದರೆ ರೆಸಾರ್ಟಿಗೆ ಎಷ್ಟು ಅನುಕೂಲ ಎಂದು ಗೋಕರ್ಣದ ಕಡೆ ಒಂದು ಸುತ್ತು ಹೋಗಿ ಬಂದವರಿಗೆ ವಿವರಿಸಬೇಕಾಗಿಲ್ಲ.

ಹಾಡು ಖಾಲಿ ಮಾಡಿದ ಜಾಗದಲ್ಲಿ ಈಗ ಮೈಕು ಕೂತಿದೆ. ಕಡಲಿನ ಕೆಲಸ ತಪ್ಪಿದ ಹುಡುಗರ ಹೆಗಲಿಗೆ ಶಾಲು ಹಾಕಿ, ಬಾಯಿಗೆ ಘೋಷಣೆ ಕೊಟ್ಟು, ದಾಲ್ದಿಯ ಮನೆ ತೋರಿಸುವವರು ಕೇರಿಗೆ ಬಂದಿದ್ದಾರೆ. ಬಂದರಿನ ಮಾತೆತ್ತಿದರೆ ಅವರು ಬೇರೆ ಊರಿಗೆ ಹೋಗಿರುತ್ತಾರೆ. ಬಲೆ ಹೊಲಿಯುವಾಗ ಯಾರ ತುಂಡು ಯಾರದರ ಪಕ್ಕ ಬಂತೆಂದು ಹಳಬರು ಜಾತಿ ಕೇಳಿದ್ದರೆ ಒಂದು ಬಂಗಡೆಯೂ ದಂಡೆಗೆ ಬರುತ್ತಿರಲಿಲ್ಲ, ಇದನ್ನು ಆ ಹುಡುಗರಿಗೆ ನಮ್ಮ ಮಾತಿನಲ್ಲೇ ಹೇಳಬೇಕು. ಲೇಖನ ಬರೆದರೆ ಅವರು ಓದುವುದಿಲ್ಲ.

ನಮ್ಮ ಸಾಹಿತಿಗಳ ಬಗ್ಗೆಯೂ ಎರಡು ಮಾತು. ಕನ್ನಡ ಕಾವ್ಯದಲ್ಲಿ ಕಡಲಿಗೆ ಬರವಿಲ್ಲ. ನವೋದಯದವರಿಗೆ ಅದು ಅನಂತ, ನವ್ಯದವರಿಗೆ ಸುಪ್ತಪ್ರಜ್ಞೆ. ಎಲ್ಲರೂ ದಂಡೆಯ ಮೇಲೆ ನಿಂತು ನೋಡಿದವರು, ನೋಡಿದ್ದು ಸೂರ್ಯಾಸ್ತ. ನಮಗೆ ಸೂರ್ಯ ಮುಳುಗಿದ ಮೇಲೆ ಕೆಲಸ ಶುರು. ನಮ್ಮ ಚಳವಳಿಯೂ ಇದರಲ್ಲಿ ಪೂರ್ತಿ ನಿರ್ದೋಷಿಯಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗಿನಿಂದ ಹೊಲ, ಗೇಣಿ, ಜೀತ, ಕೇರಿ ಬಂದಷ್ಟು ಬಲೆ, ಅಳಿವೆ, ಮಂಜುಗಡ್ಡೆ ಫ್ಯಾಕ್ಟರಿ ನಮ್ಮ ಪುಟಗಳಿಗೆ ಬರಲಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಏನಾಯಿತು? ಹಾಡು ಸಂಗ್ರಾಹಕನ ಕೈ ದಾಟದೆ ನೇರ ಕೇರಿಯ ಬಾಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಮೆರವಣಿಗೆಗೆ ಬಂತು. ನಡುವೆ ಪರಾಶರ ಇರಲಿಲ್ಲ. ತುಂಗಭದ್ರೆಯ ದಂಡೆಯ ಅಂಬಿಗರ ಚೌಡಯ್ಯ ಹನ್ನೆರಡನೆಯ ಶತಮಾನದಲ್ಲೇ ಇದನ್ನು ಮಾಡಿ ತೋರಿಸಿದ್ದ, ತನ್ನ ಕಸುಬಿನ ಹೆಸರನ್ನೇ ಅಂಕಿತ ಮಾಡಿಕೊಂಡು, ಯಾರನ್ನು ಬೈಯಬೇಕೋ ಅವರನ್ನು ಬೈದು. ಅವನ ಊರು ಚೌಡಯ್ಯದಾನಪುರ ಇರುವುದು ಹಾವೇರಿ ಜಿಲ್ಲೆಯಲ್ಲಿ. 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯದ ಗೊಟಗೋಡಿಯೂ ಅದೇ ಜಿಲ್ಲೆ. ಅಲ್ಲಿ ಓದುವ ನಮ್ಮ ಗೆಳೆಯರು ಆ ಹೊಳೆಯ ಕಡೆಗೊಮ್ಮೆ ನೋಡಿ ಸಂದರ್ಶನಕ್ಕೆ ಹೊರಡಲಿ.

ಹಳ್ಳಿಯ ಮೇಷ್ಟರೆ, ಈ ಪತ್ರಿಕೆ ನಿಮ್ಮ ಕೈಗೂ ಬರುತ್ತದೆಂದು ನಮಗೆ ಗೊತ್ತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಒಂದು ಸಮಿತಿ ಇರಬೇಕು, ಊರಿನ ಗಿಡ, ಮೀನು, ಅದರ ಬಗ್ಗೆ ಜನಕ್ಕಿರುವ ತಿಳಿವಳಿಕೆ ಎಲ್ಲವನ್ನೂ ಬರೆದಿಟ್ಟ ಒಂದು ದಾಖಲೆ ಇರಬೇಕು. ಪಂಚಾಯತಿಗೆ ಹೋಗಿ ಅದನ್ನು ತೋರಿಸಿ ಎಂದು ಕೇಳಿ. ಇದ್ದರೆ ತೆಗೆದು ಓದಿ, ಎಷ್ಟು ಮೀನಿನ ಹೆಸರಿದೆ, ಎಷ್ಟು ಹೆಂಗಸರ ಹೆಸರಿದೆ ನೋಡಿ. ಪಕ್ಕದ ಪಂಚಾಯತಿಯದನ್ನೇ ನಕಲು ಹೊಡೆದಿದ್ದರೆ ಆಶ್ಚರ್ಯ ಪಡಬೇಡಿ. ಆಮೇಲೆ ಐದನೇ ಇಯತ್ತೆಯ ಮಕ್ಕಳಿಗೆ ಹೇಳಿ, ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ದಂಡೆಯ ಒಂದೊಂದು ಜಾಗದ ಹೆಸರು ಬರೆದುಕೊಂಡು ಬರಲಿ. ದೊಡ್ಡ ಕಾಗದದ ಮೇಲೆ ದಂಡೆ ಬಿಡಿಸಿ ಆ ಹೆಸರುಗಳನ್ನು ಕೂರಿಸಿ. ಯಾರು ಹೇಳಿದರೋ ಅವರ ಹೆಸರು ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ. ಹಾಡು ಮುದ್ರಿಸಿಕೊಳ್ಳಲು ಬಂದವರಿಗೆ ಒಂದು ಪ್ರತಿ ಶಾಲೆಯಲ್ಲಿ ಬಿಟ್ಟು ಹೋಗಿ ಎನ್ನಿ, ಪುಸ್ತಕ ಬಂದರೆ ಹಾಡಿದವಳ ಹೆಸರು ಮುಖಪುಟದ ಮೇಲೆ, ಬಂದ ದುಡ್ಡಿನಲ್ಲಿ ಪಾಲು ಎನ್ನಿ. ಒಪ್ಪದಿದ್ದರೆ ಚಾ ಕೊಟ್ಟು ಕಳಿಸಿ. ದಾಶರಾಜ ಹಾಗೇ ಮಾಡಿದ್ದ, ಎದುರಿಗೆ ನಿಂತವನು ರಾಜನೆಂದು ನೋಡಲಿಲ್ಲ.

ನಕ್ಷೆಯ ಎರಡು ಪ್ರತಿ ಮಾಡಿ. ಒಂದನ್ನು ಗ್ರಾಮಸಭೆಯಲ್ಲಿ ಓದಿಸಿ ಠರಾವು ಬರೆಸಿ, ಸಹಿ ಹಾಕಲು ಬರದವರ ಹೆಬ್ಬೆಟ್ಟು ಹಾಕಿಸಿ. ಇನ್ನೊಂದು ಶಾಲೆಯ ಕಪಾಟಿನಲ್ಲಿ ಇರಲಿ, ಬೀಗದ ಕೈ ಕೇರಿಯವರ ಹತ್ತಿರ ಇರಲಿ. ಬಂದರಿನ ಸಾರ್ವಜನಿಕ ಅಹವಾಲಿಗೆ ಶಾಮಿಯಾನ ಹಾಕಿದ ದಿನ ಅದು ಬೇಕಾಗುತ್ತದೆ.